ಹದಿನೈದು ನಿಮಿಷಕ್ಕೊಂದು ಮೈಬಿಸಿ

ಆಂಬೊನಿಗೆ ಒಂದು ಎಮ್ಮೆಯ ಮೇಲೆ ಹೊಟ್ಟೆಕಿಚ್ಚು ಶುರುವಾಗಿತ್ತು. ಮದುವೆಯಾಗಿ ಇಪ್ಪತ್ತಾರು ವರ್ಷ. ಇಷ್ಟು ವರ್ಷಗಳಲ್ಲಿ ಹೆಂಡತಿ ಲುಮಿಂಗ್ ಅವನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದ್ದು ಒಟ್ಟು ಎರಡು ಸಲ. (ಎರಡನೆಯ ಸಲ ಅವಳು ಮುಟ್ಟಿದ್ದು ಹಣೆಯ ಮೇಲೆ ಕೂತ ಸೊಳ್ಳೆಯನ್ನು ಹೊಡೆಯಲು ಎಂಬ ಅನುಮಾನ ಅವನಿಗೆ ಈಗಲೂ ಇದೆ.) ಅಂಥ ಲುಮಿಂಗ್ ಈಗ ಹದಿನೈದು ನಿಮಿಷಕ್ಕೊಮ್ಮೆ ಎಮ್ಮೆ ಡೋನ್ಯಾಳ ಮೈ ಎಷ್ಟು ಬಿಸಿಯಿದೆ ಎಂದು ಫೋನಿನಲ್ಲಿ ನೋಡುತ್ತಿದ್ದಳು. ಅಕ್ಕಿ ತೊಳೆಯುವಾಗ ನೋಡುತ್ತಿದ್ದಳು, ಮೀನು ಹುರಿಯುವಾಗ ನೋಡುತ್ತಿದ್ದಳು, ಜಪಮಾಲೆಯ ಐದನೆಯ ಮಣಿಗೂ ಆರನೆಯ ಮಣಿಗೂ ನಡುವೆ ದೇವಮಾತೆಯನ್ನು ಒಂದು ಗಳಿಗೆ ಕಾಯಿಸಿ ನೋಡುತ್ತಿದ್ದಳು.

"ನನಗೂ ಮೈ ಬೆಚ್ಚಗಿದೆ ಅನ್ನಿಸ್ತಿದೆ" ಎಂದ ಒಂದು ದಿನ ಆಂಬೊ.

"ಹೊಸ್ತಿಲು ಬಿಟ್ಟು ನೆರಳಿಗೆ ಕೂತ್ಕೋ" ಎಂದಳು ಲುಮಿಂಗ್, ಫೋನಿನಿಂದ ಕಣ್ಣು ತೆಗೆಯದೆ.

ಹೊಸ್ತಿಲ ಮೇಲೆ ಕೂತು, ಕುತ್ತಿಗೆಗೆ ಟವೆಲು ಸುತ್ತಿಕೊಂಡು ಏನಾದರೊಂದು ಹಾಡು ಗುನುಗುವುದು ಆಂಬೊನ ಸಹಜ ಸ್ಥಿತಿ. ಆ ಹೊಸ್ತಿಲು ಅವನ ಸಿಂಹಾಸನ. ಈ ಸಿಂಹಾಸನ ಹೇಗೆ ಹೋಯಿತು ಎಂಬುದೇ ಮುಂದಿನ ಕಥೆ.

ಡೋನ್ಯಾ ಇವರದ್ದೇ ಎಮ್ಮೆಯೂ ಅಲ್ಲ. ಅವಳ ಒಡತಿ ಲುಮಿಂಗ್‌ಳ ಚಿಕ್ಕಮ್ಮ ತಿಯಾ ಕೊನ್ಚಿಂಗ್. ಮೇವು ಹಾಕಿ ಸಾಕುವ ಕೆಲಸ ಮಾತ್ರ ಇವರದು. ಕರಾರು ಎಲ್ಲರ ಮನೆಯಂತೆ ಬಾಯಿಮಾತಿನದು: ಮೊದಲ ಕರು ಒಡತಿಗೆ, ಎರಡನೆಯ ಕರು ಸಾಕಿದವರಿಗೆ. ಮೊದಲ ಕರು ತಿಯಾಳ ಕೊಟ್ಟಿಗೆ ಸೇರಿ ಎರಡು ವರ್ಷವಾಗಿತ್ತು. ಎರಡನೆಯದರ ಸುಳಿವೇ ಇಲ್ಲ. ಎರಡು ಸಲ ಗಬ್ಬದ ಸೂಜಿ ಹಾಕಿಸಿದರೂ ನಿಲ್ಲಲಿಲ್ಲ. ಮೂರನೆಯ ಸಲ ಹಾಕಿಸಿದ ದಿನ ತಿಯಾ ಖುದ್ದಾಗಿ ಬಂದು, ಕೊಟ್ಟಿಗೆಯ ನೆಲಕ್ಕೆ ಕೊಡೆ ಊರಿ ನಿಂತು ಹೇಳಿದಳು.

"ಇದೇ ಕೊನೆ, ಲುಮಿಂಗ್. ಇಪ್ಪತ್ತೆರಡನೇ ದಿನ ಬರ್ತೀನಿ. ನಿಂತಿದ್ರೆ ಸರಿ. ಇಲ್ಲಾಂದ್ರೆ ಹಗ್ಗ ಬಿಚ್ಕೊಂಡು ಹೋಗ್ತೀನಿ. ಮಾಂಸದವನಿಗೆ ಆಗ್ಲೇ ಹೇಳಿಟ್ಟಿದ್ದೀನಿ."

ಲುಮಿಂಗ್ ಹನ್ನೊಂದನೇ ವಯಸ್ಸಿನಿಂದ ಎಮ್ಮೆ ಮೇಯಿಸಿದವಳು. ಎಲ್ಲವೂ ಪರರವು. ಇದು ನನ್ನದು ಎಂದು ಒಂದು ಮೂಗುದಾರ ಹಿಡಿದವಳಲ್ಲ. ಹುಟ್ಟದ ಕರುವಿಗೆ ಅವಳು ಆಗಲೇ ಪ್ರಿನ್ಸೆಸಾ ಎಂದು ಹೆಸರಿಟ್ಟಿದ್ದಳು. ಅದು ಬೆಳೆದು ಕರು ಹಾಕಿ ಹಾಲು ಕೊಟ್ಟಾಗ ಪಾಸ್ತಿಲ್ಯಾಸ್ ಮಿಠಾಯಿ ಮಾಡಿ, ಬಣ್ಣದ ಕಾಗದದಲ್ಲಿ ಸುತ್ತಿ, ಮೇಲೆ ತನ್ನ ಹೆಸರು ಹಾಕಿ ಮಾರುವ ಯೋಚನೆ ಇತ್ತು. ಬಣ್ಣದ ಕಾಗದವನ್ನು ತಂದು ಟ್ರಂಕಿನಲ್ಲಿ ಇಟ್ಟೂ ಆಗಿತ್ತು. ಆ ಕಾಗದ ನೆನೆದರೆ ಆಂಬೊನಂಥ ಆಂಬೊನೂ ಗುನುಗುವುದನ್ನು ನಿಲ್ಲಿಸುತ್ತಿದ್ದ.

ಇಂಥ ಸಮಯದಲ್ಲಿ ಪೇಟೆಯ ಹಾಲಿನ ಸಂಘದಿಂದ ಪಶುವೈದ್ಯೆ ಡಾಕ್ ಜೊನಾಲಿನ್ ಒಂದು ಪಟ್ಟಿ ತಂದಳು. ಕೈಗಡಿಯಾರದಷ್ಟು ದೊಡ್ಡದು, ಮೂಲೆಯಲ್ಲೊಂದು ಹಸಿರು ದೀಪ. ಅದನ್ನು ಡೋನ್ಯಾಳ ಬಾಲದ ಬುಡಕ್ಕೆ ಅಂಟಿಸಿ ಲುಮಿಂಗ್‌ಳ ಫೋನಿಗೆ ಜೋಡಿಸಿಕೊಟ್ಟಳು.

"ನೋಡಿ ಆಲಿಂಗ್ ಲುಮಿಂಗ್, ಇದು ಹಗಲೂ ರಾತ್ರಿ ಮೈಬಿಸಿ ಅಳೀತಾ ಇರುತ್ತೆ. ಗಬ್ಬ ನಿಂತಿಲ್ಲ ಅಂದ್ರೆ ಹದಿನೆಂಟು, ಹತ್ತೊಂಬತ್ತನೇ ದಿನಕ್ಕೆ ಫೋನಿನ ಗೆರೆ ಇಳಿಯುತ್ತೆ. ಆಮೇಲೆ ಬೆದೆಗೆ ಬಂದಾಗ ಜಿಗಿಯುತ್ತೆ. ನಿಂತಿದ್ರೆ ಇಳಿಯೋದಿಲ್ಲ, ಮೇಲೇ ಇರುತ್ತೆ. ಕೈ ಹಾಕಿ ನೋಡೋಕೆ ಎರಡು ತಿಂಗಳು ಕಾಯೋದೇ ಬೇಡ."

ಆಮೇಲೆ ಆಂಬೊನ ಕಡೆ ತಿರುಗಿದಳು. (ಆ ಊರಿನಲ್ಲಿ ಹಿರಿಯ ಹೆಂಗಸರಿಗೆ ಆಲಿಂಗ್, ಗಂಡಸರಿಗೆ ಮಾಂಗ್ ಎನ್ನುವುದು ಮರ್ಯಾದೆ.) "ಮಾಂಗ್ ಆಂಬೊ, ನಿಮ್ಮ ಕೆಲಸ ಸುಲಭ. ಮಧ್ಯಾಹ್ನ ಎರಡಕ್ಕೆ ಹೊಂಡಕ್ಕೆ ಬಿಡಿ, ಮೂರಕ್ಕೆ ಎಬ್ಬಿಸಿ. ಪಟ್ಟಿ ಬಿದ್ದಿಲ್ವಾ ಅಂತ ಜೊತೆಗೇ ಇದ್ದು ನೋಡಿ."

"ಇಷ್ಟೇನಾ" ಎಂದ ಆಂಬೊ. (ಅವನ ಬಾಳಿನ ಸಕಲ ಅನಾಹುತಗಳೂ ಈ ಒಂದು ಮಾತಿನಿಂದಲೇ ಶುರುವಾಗಿವೆ.)

ಹದಿನೇಳು ದಿನ ಏನೂ ತೊಂದರೆಯಾಗಲಿಲ್ಲ. ಡೋನ್ಯಾ ಎರಡಕ್ಕೆ ಕೆಸರು ಹೊಂಡಕ್ಕೆ ಇಳಿದರೆ ಫೋನಿನ ಗೆರೆ ತುಸು ಇಳಿಯುತ್ತಿತ್ತು, ಮೂರಕ್ಕೆ ಎದ್ದರೆ ಏರುತ್ತಿತ್ತು, ಉಳಿದಂತೆ ಗದ್ದೆಯ ಬದುವಿನ ಹಾಗೆ ನೆಟ್ಟಗೆ ಹೋಗುತ್ತಿತ್ತು. ಹದಿನೆಂಟನೆಯ ದಿನ ಮಂಗಳವಾರ. ಅದೇ ದಿನ ಆಂಬೊನ ಜೀವದ ಗೆಳೆಯ ದೋರೊನಿಗೆ ಅರವತ್ತು ತುಂಬಿತು. ದೋರೊನ ಮನೆ ಹೊಂಡದ ಆಚೆ ದಡದಲ್ಲಿ. ಅಲ್ಲಿ ಬಾಡಿಗೆಗೆ ತಂದ ವಿಡಿಯೋಕೆ ಎಂಬ ಹಾಡಿನ ಪೆಟ್ಟಿಗೆ ಬೆಳಗಿನಿಂದಲೇ ಕಿರುಚುತ್ತಿತ್ತು. ಹಾಡಿದವರಿಗೆಲ್ಲ ಅದು ನೂರಕ್ಕಿಷ್ಟು ಎಂದು ಅಂಕ ಕೊಡುತ್ತದೆ. ಆ ಊರಿನಲ್ಲಿ ತೊಂಬತ್ತೇಳರ ಮೇಲೆ ತೆಗೆದ ಗಂಟಲು ಒಂದೇ, ಅದರ ಸುತ್ತ ಸದಾ ಒಂದು ಟವೆಲು ಇರುತ್ತದೆ.

"ಪಾರೆ, ಗೆಳೆಯಾ, ಒಂದೇ ಹಾಡು" ಎಂದು ದೋರೊ ಆಚೆ ದಡದಿಂದ ಕೂಗಿದ.

ಒಂದೇ ಹಾಡಿಗೆ ಎಮ್ಮೆ ಎಲ್ಲಿಗೆ ಓಡಿಹೋಗುತ್ತದೆ ಎಂದು ಆಂಬೊ ಹೋದ. ಪೆಟ್ಟಿಗೆ ತೊಂಬತ್ತಾರು ಕೊಟ್ಟಿತು. ತೊಂಬತ್ತಾರು ತೆಗೆದು ಮನೆಗೆ ಹೋಗುವುದುಂಟೇ? ಇನ್ನೊಂದು ಹಾಡಿದ, ಮತ್ತೊಂದು ಹಾಡಿದ. ತೊಂಬತ್ತೆಂಟು ಬಂದಾಗ ಎಲ್ಲರೂ ಬೆನ್ನು ತಟ್ಟಿದರು. ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

ಓಡಿಬಂದು ನೋಡಿದರೆ ಡೋನ್ಯಾ ತಾನೇ ಎದ್ದು ದಡದಲ್ಲಿ ನಿಂತು ಮೆಲುಕು ಹಾಕುತ್ತಿದ್ದಳು. ಬಾಲದ ಬುಡ ಬೋಳು. ಆಂಬೊ ಹೊಂಡಕ್ಕೆ ಧುಮುಕಿ ಮೊಣಕೈವರೆಗೆ ಕೆಸರು ತಡಕಿದ. ಕೊನೆಗೆ ಹಸಿರು ದೀಪ ಮಿಣಕ್ ಎಂದಿತು. ಪಟ್ಟಿ ಕೈಗೆ ಬರುವುದಕ್ಕೂ ಮನೆಯಿಂದ ಲುಮಿಂಗ್‌ಳ ಕೂಗು ಬರುವುದಕ್ಕೂ ಸರಿಹೋಯಿತು.

"ಆಂಬೊ, ಅವಳು ಇನ್ನೂ ನೀರಲ್ಲೇ ಇದ್ದಾಳಾ? ಗೆರೆ ಪಾತಾಳಕ್ಕೆ ಹೋಗಿದೆ."

ಆಂಬೊನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಪಟ್ಟಿಯನ್ನು ಅಂಗಿಗೆ ಒರೆಸಿ ಕಂಕುಳಲ್ಲಿ ಅವುಚಿಕೊಂಡ. "ಈಗ ಎದ್ದಳು, ಈಗ ಎದ್ದಳು" ಎಂದು ಕೂಗಿದ.

ಹದಿನೈದು ನಿಮಿಷದ ಮೇಲೆ ಮನೆಯಿಂದ ಸಮಾಧಾನದ ದನಿ ಬಂತು. "ಸರಿ, ಏರ್ತಾ ಇದೆ."

ಅಲ್ಲಿಗೆ ಎಡವಟ್ಟು ಪೂರ್ತಿಯಾಯಿತು. ಪಟ್ಟಿಯನ್ನು ಮತ್ತೆ ಬಾಲಕ್ಕೆ ಅಂಟಿಸೋಣವೆಂದರೆ ಅಂಟುವ ಅಂಚು ಹರಿದಿತ್ತು. ಗಂಜಿ ಬಳಿದು ನೋಡಿದ, ಸೈಕಲ್ ಟ್ಯೂಬು ಕಟ್ಟಿ ನೋಡಿದ. ಡೋನ್ಯಾ ಎರಡನ್ನೂ ಬಾಲದ ಒಂದೇ ಬೀಸಿಗೆ ಅವನ ಮುಖಕ್ಕೆ ಮರಳಿಸಿದಳು. ಸರಿಯಾದ ಅಂಟು ಇರುವುದು ಡಾಕ್ ಜೊನಾಲಿನ್ ಹತ್ತಿರ, ಅವಳು ಬರುವುದು ಇಪ್ಪತ್ತೆರಡನೆಯ ದಿನ, ಶನಿವಾರ. ಲುಮಿಂಗ್‌ಗೆ ಹೇಳೋಣವೆಂದರೆ ಪಟ್ಟಿ ಹೇಗೆ ಬಿತ್ತು ಎಂದು ಹೇಳಬೇಕು, ಆಗ ನೀನೆಲ್ಲಿದ್ದೆ ಎಂದು ಕೇಳುತ್ತಾಳೆ, ಆಗ ತೊಂಬತ್ತೆಂಟರ ಮಾತು ಬರುತ್ತದೆ. ನಾಲ್ಕು ದಿನ ತಾನೇ, ಕಂಕುಳು ದೇವರು ಕೊಟ್ಟದ್ದು ಇದಕ್ಕೇ ಎಂದುಕೊಂಡ.

ಆದರೆ ಆಂಬೊ ಎಮ್ಮೆಗಿಂತ ತಣ್ಣಗಿನ ಪ್ರಾಣಿ ಎಂಬ ಸತ್ಯ ಅಂದು ಸಂಜೆಯೇ ಹೊರಬಿತ್ತು.

"ಅರ್ಧ ಡಿಗ್ರಿ ಕಡಿಮೆ ತೋರಿಸ್ತಿದೆ" ಎಂದಳು ಲುಮಿಂಗ್. "ಆಂಬೊ, ಇಳಿಯೋಕೆ ಶುರುವಾಯ್ತಾ?"

ಅವಳ ದನಿ ನಡುಗಿತು. ಗದರುವ ಲುಮಿಂಗ್‌ಳನ್ನು ಆಂಬೊ ಇಪ್ಪತ್ತಾರು ವರ್ಷದಿಂದ ಅರಗಿಸಿಕೊಂಡಿದ್ದ. ನಡುಗುವ ಲುಮಿಂಗ್ ಅವನಿಗೆ ಹೊಸಬಳು. ತಡೆಯಲಾಗಲಿಲ್ಲ. ಎದ್ದು ಹೋಗಿ ಟ್ರಂಕಿನಿಂದ, ಹಡಗಿನ ಕೆಲಸದ ಅಳಿಯ ಯಾವುದೋ ಹಿಮದ ದೇಶದಿಂದ ತಂದುಕೊಟ್ಟ ಉಣ್ಣೆಯ ಜಾಕೆಟ್ಟು ತೆಗೆದು ಹಾಕಿಕೊಂಡ. ಏಪ್ರಿಲ್ ತಿಂಗಳು. ಮರದ ಮೇಲಿನ ಕಾಗೆ ಕೂಡ ರೆಕ್ಕೆ ಅಗಲಿಸಿ ಬಾಯಿ ಬಿಡುತ್ತಿತ್ತು.

"ಏನಾಯ್ತು ನಿನಗೆ?"

"ಯಾಕೋ ಚಳಿ. ಇವತ್ತಿನ ಅಡುಗೆ ನಾನೇ ಮಾಡ್ತೀನಿ" ಎಂದ, ಒಲೆಯ ಮುಂದೆ ಹೋಗಿ ಕೂತ.

ಲುಮಿಂಗ್ ಶಿಲುಬೆಯ ಗುರುತು ಮಾಡಿಕೊಂಡಳು.

ಒಲೆಯ ಶಾಖ, ಉಣ್ಣೆಯ ಜಾಕೆಟ್ಟು, ಗಂಟೆಗೊಂದು ಲೋಟ ಕುದಿಯುವ ಶುಂಠಿ ಕಷಾಯ. ಗೆರೆ ಮೇಲೆ ಬಂತು. ಆದರೆ ಬುಧವಾರ ಮಧ್ಯಾಹ್ನ ಎರಡೂಕಾಲಿಗೆ ಹೊಸ ಪ್ರಶ್ನೆ ಎದ್ದಿತು. "ಡೋನ್ಯಾಳನ್ನ ನೀರಿಗೆ ಬಿಟ್ಟಿಲ್ವಾ? ಗೆರೆ ಇಳಿದೇ ಇಲ್ವಲ್ಲ."

ಆಂಬೊ ಒಲೆಯ ಮುಂದಿನಿಂದ ಎದ್ದು, ಜಾಕೆಟ್ಟಿನ ಸಮೇತ ಹೋಗಿ ಹೊಂಡಕ್ಕಿಳಿದು ಡೋನ್ಯಾಳ ಪಕ್ಕ ಕುತ್ತಿಗೆವರೆಗೆ ಮುಳುಗಿ ಕೂತ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡೋನ್ಯಾ ಸ್ವಲ್ಪ ಸರಿದು ಜಾಗ ಕೊಟ್ಟಳು. ಬಿಸಿ ಮೈಗೆ ತಣ್ಣೀರು ಸೋಕಿದರೆ ನರ ಸೆಳೆದು ಪಾಸ್ಮಾ ಹಿಡಿಯುತ್ತದೆ ಎಂದು ಆ ಊರಿನ ತೊಟ್ಟಿಲ ಮಗುವಿಗೂ ಗೊತ್ತು. ಆಂಬೊನಿಗೂ ಗೊತ್ತಿತ್ತು. ಆದರೂ ಮೂರು ಗಂಟೆಯವರೆಗೆ ಕೂತ.

ಗುರುವಾರ ಬೆಳಿಗ್ಗೆ ಅವನ ಕೈ ನಡುಗುತ್ತಿತ್ತು, ಮೈ ಸುಡುತ್ತಿತ್ತು. ಎಂಟು ಲೋಟ ಶುಂಠಿ ಕಷಾಯ ಕುಡಿದ ಹೊಟ್ಟೆ ಎದ್ದ ಕೂಡಲೇ ಬಾಳೆಗಿಡದ ಬುಡದಲ್ಲಿ ಎಲ್ಲವನ್ನೂ ಕಕ್ಕಿತು. ಬಾಯಿ ರುಚಿ ಕೆಟ್ಟು ಹುಳಿ ಬೇಕೆನಿಸಿತು. ಮಾವಿನಕಾಯಿ ಹೆಚ್ಚಿ ಬಗೋಂಗ್ ಸೀಗಡಿ ಗೊಜ್ಜಿನಲ್ಲಿ ಅದ್ದಿ ಮೂರು ಕಾಯಿ ತಿಂದ. ಮಧ್ಯಾಹ್ನ ಕೊಟ್ಟಿಗೆಯ ನೆರಳಿನಲ್ಲಿ ಡೋನ್ಯಾಳ ಕಾಲ ಬಳಿಯೇ ಬಿದ್ದು ನಿದ್ದೆ ಹೋದ. ಶುಕ್ರವಾರವೂ ಇದೇ ಪಾಠ. ಆದರೆ ಫೋನಿನ ಗೆರೆ ಮಾತ್ರ ಜ್ವರದ ಕೃಪೆಯಿಂದ ಮೇಲೇರಿ ಭದ್ರವಾಗಿ ನಿಂತಿತು. ಜ್ವರ ಬಂದದ್ದಕ್ಕೆ ಮೋಂಬತ್ತಿ ಹಚ್ಚಿದ ಮನುಷ್ಯನನ್ನು ಆ ಊರಿನ ಇಗರ್ಜಿ ಅದುವರೆಗೆ ಕಂಡಿರಲಿಕ್ಕಿಲ್ಲ.

ಶನಿವಾರ ಬೆಳಿಗ್ಗೆ ಫೋನು ಟಿಂಗ್ ಎಂದಿತು. ಗರ್ಭದ ಲಕ್ಷಣಗಳಿವೆ ಎಂದು ಬರೆದಿತ್ತು. ಲುಮಿಂಗ್ ಓದಿ ಆಂಬೊನನ್ನೇ ಒಂದು ಸಲ ದಿಟ್ಟಿಸಿ ನೋಡಿದಳು. ಅವಳು ಕುಣಿದಾಡದೆ ಇದ್ದದ್ದು ಅವನಿಗೆ ವಿಚಿತ್ರವೆನಿಸಿತು.

ಹತ್ತು ಗಂಟೆಗೆ ತಿಯಾ ಕೊನ್ಚಿಂಗ್ ಕೊಡೆ ಹಿಡಿದು ಬಂದಳು. ಅವಳ ಹಿಂದೆ ಡಾಕ್ ಜೊನಾಲಿನ್. ಜೊತೆಗೆ, ಆಂಬೊನಿಗೆ ತಿಳಿದಂತೆ ಯಾರೂ ಕರೆಯದೆ, ಊರಿನ ಹಳೆಯ ಸೂಲಗಿತ್ತಿ ಅಜ್ಜಿ ಲೋಲಾ ಬಾಸ್ಯಾ. ಮಾರು ದೂರದ ಬಾಳೆಗೊನೆಯನ್ನು ತನ್ನ ಅಳಿಯನೆಂದು ಮಾತಾಡಿಸುವಷ್ಟು ಅವಳ ಕಣ್ಣು ಚುರುಕು.

"ಬಂದಿದೆ ತಿಯಾ, ಗರ್ಭ ಅಂತ ಬಂದಿದೆ" ಎಂದ ಆಂಬೊ, ಜಾಕೆಟ್ಟಿನೊಳಗಿಂದ ಬೆವರುತ್ತಾ.

ಡಾಕ್ ನಗುತ್ತಾ ಡೋನ್ಯಾಳ ಬಾಲ ಎತ್ತಿದಳು. ನಗು ನಿಂತಿತು. "ಪಟ್ಟಿ ಎಲ್ಲಿ?"

ಆಂಬೊ ಆಕಾಶ ನೋಡಿದ.

"ಈಗಲೂ ಅಳೀತಾ ಇದೆಯಲ್ಲ" ಎಂದಳು ಡಾಕ್, ಫೋನು ನೋಡುತ್ತಾ. "ಈ ನಿಮಿಷ ಮೂವತ್ತೆಂಟು ತೋರಿಸ್ತಿದೆ. ಮಾಂಗ್ ಆಂಬೊ, ನಿಮ್ಮ ಕೈ ಯಾಕೆ ಕಂಕುಳಿಗೆ ಅಂಟ್ಕೊಂಡಿದೆ?"

"ಪಾಸ್ಮಾ."

"ಎತ್ತೋ" ಎಂದಳು ತಿಯಾ.

ಆಂಬೊ ಕೈ ಎತ್ತಿದ. ಜಾಕೆಟ್ಟಿನೊಳಗಿಂದ ಪಟ್ಟಿ ಜಾರಿ ನೆಲಕ್ಕೆ ಬಿದ್ದು ಹಸಿರಾಗಿ ಕಣ್ಣು ಮಿಟುಕಿಸಿತು.

"ಹಾಗಾದ್ರೆ ಈ ನಾಲ್ಕು ದಿನದ ಗೆರೆ ನಿಮ್ಮದು" ಎಂದಳು ಡಾಕ್, ತುಟಿ ಕಚ್ಚಿಕೊಂಡು. "ಯಂತ್ರದ ಪ್ರಕಾರ ಬಸುರಾಗಿರೋದು ನೀವು."

ತಿಯಾ ಕೊನ್ಚಿಂಗ್ ನಗಲಿಲ್ಲ. "ನನ್ನನ್ನ ಏನಂದ್ಕೊಂಡಿದ್ದೀಯೋ? ಕರು ಆಸೆಗೆ ಇಂಥ ನಾಟಕ. ಲುಮಿಂಗ್, ಹಗ್ಗ ಬಿಚ್ಚು."

"ಇನ್ನು ಎರಡು ವಾರ ಕೊಟ್ರೆ ನಾನೇ ಸ್ಕ್ಯಾನಿಂಗ್ ಪರದೆ ಯಂತ್ರ ಇಟ್ಟು ನೋಡಿ ಹೇಳ್ತೀನಿ ಮೇಡಂ" ಎಂದಳು ಡಾಕ್.

"ನಿನ್ನ ಯಂತ್ರದ ಚೆಂದ ಈಗಷ್ಟೇ ನೋಡ್ದೆನಲ್ಲಮ್ಮ."

ಲುಮಿಂಗ್ ಹಗ್ಗದ ಮೇಲೆ ಕೈ ಇಟ್ಟಳು, ಬಿಚ್ಚಲಿಲ್ಲ. ಆಂಬೊನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ತನ್ನ ಒಂದು ಹಾಡಿನ ಚಪಲಕ್ಕೆ ಅವಳ ಮೂವತ್ತೆಂಟು ವರ್ಷದ ಆಸೆ ಕಟುಕನ ಪಾಲಾಗುತ್ತಿದೆ ಎಂದು ಅವನಿಗೆ ನಿಜವಾಗಿ ಅಳು ಬಂತು. ಆಗ ಲೋಲಾ ಬಾಸ್ಯಾ ಗಂಟಲು ಸರಿಮಾಡಿಕೊಂಡಳು.

"ಆಂಬೊ, ಬೆಳಿಗ್ಗೆ ಎದ್ದ ಕೂಡ್ಲೇ ವಾಂತಿಯಂತೆ?"

"ಹೂಂ ಲೋಲಾ."

"ಮಾವಿನಕಾಯಿ ಬೇಕೇ ಬೇಕು ಅನ್ಸುತ್ತಂತೆ? ಮಧ್ಯಾಹ್ನ ನಿದ್ದೆ ಒತ್ಕೊಂಡು ಬರುತ್ತಂತೆ?"

"ಹೂಂ."

"ಅದು ಬಸುರಿ ಬಯಕೆ ಕಣಯ್ಯಾ. ಬಸುರಿ ಮಲಗಿರೋ ಗಂಡಸನ್ನ ದಾಟಿದ್ರೆ ಬಯಕೆ ಅವನಿಗೆ ಬಂದ್ಬಿಡುತ್ತೆ. ನಿನ್ನನ್ನ ದಾಟಿದವರ್ಯಾರು?"

ಎಲ್ಲರ ಕಣ್ಣೂ ಲುಮಿಂಗ್ ಕಡೆ ಹೊರಳಿತು.

"ನನ್ನ ನೋಡ್ಬೇಡಿ. ನನಗೆ ನಲವತ್ತೊಂಬತ್ತು" ಎಂದಳು ಲುಮಿಂಗ್. "ಅವನು ಮಲಗೋದು ಕೊಟ್ಟಿಗೇಲಿ."

"ಅದೇ ಮತ್ತೆ" ಎಂದಳು ಲೋಲಾ. "ಗುರುವಾರ ಮಧ್ಯಾಹ್ನ ಬೇಲಿ ಹತ್ತಿರ ನಿಂತಿದ್ದೆ. ಡೋನ್ಯಾ ಇವನ ಮೇಲೆ ಕಾಲೆತ್ತಿ ದಾಟಿದ್ದನ್ನ ಈ ಎರಡು ಕಣ್ಣಲ್ಲಿ ಕಂಡೆ."

ತಿಯಾ ಕೊನ್ಚಿಂಗ್ ಕೊಡೆ ಮಡಿಸಿ ಗೋದಲಿಯ ಕಟ್ಟೆಯ ಮೇಲೆ ಕೂತಳು. ಅವಳ ಮುಖ ಮೆತ್ತಗಾಯಿತು. ಅವಳು ಆರು ಹೆತ್ತವಳು, ಆರಕ್ಕೂ ವಾಂತಿ ಮಾಡಿದ್ದು ತೀರಿಹೋದ ಅವಳ ಗಂಡ. "ನಮ್ಮವರೂ ಹೀಗೇ. ಮೂರನೆಯದಕ್ಕೆ ಹುಣಸೆಕಾಯಿ ಹುಣಸೆಕಾಯಿ ಅಂತ ಪ್ರಾಣ ಬಿಟ್ಟಿದ್ರು" ಎಂದು ಕಣ್ಣೊರೆಸಿಕೊಂಡಳು. "ಸರಿ. ಎರಡು ವಾರ ಬಿಡ್ತೀನಿ. ಆದ್ರೆ ಬಯಕೆ ಹೊತ್ತವನು ನೇಮ ತಪ್ಪಿದ್ರೆ ಕರುವಿಗೆ ಕೆಡುಕು. ಏನ್ ಬಾಸ್ಯಾ?"

"ಹೊಸ್ತಿಲ ಮೇಲೆ ಕೂರಂಗಿಲ್ಲ, ಹೆರಿಗೆ ಅಡ್ಡವಾಗುತ್ತೆ" ಎಂದು ಲೋಲಾ ಬೆರಳು ಮಡಿಸಿದಳು. "ಕುತ್ತಿಗೆಗೆ ಟವೆಲು ಸುತ್ತಂಗಿಲ್ಲ, ಕರುವಿಗೆ ಹೊಕ್ಕುಳಬಳ್ಳಿ ಸುತ್ಕೊಳ್ಳುತ್ತೆ. ಜಿನ್ ಬಾಟ್ಲಿ ಮುಟ್ಟಂಗಿಲ್ಲ."

"ಹಾಡು?" ಎಂದು ಲುಮಿಂಗ್ ಮೆಲ್ಲಗೆ ಕೇಳಿದಳು.

"ಹಾಡಂತೂ ಬೇಡವೇ ಬೇಡ" ಎಂದಳು ಲೋಲಾ.

ಡಾಕ್ ಜೊನಾಲಿನ್ ಹೊಸ ಪಟ್ಟಿಯನ್ನು ಒಳ್ಳೆಯ ಅಂಟಿನಿಂದ ಡೋನ್ಯಾಳಿಗೆ ಅಂಟಿಸಿದಳು. ಹಳೆಯದನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಲುಮಿಂಗ್ ಕೈಚಾಚಿದಳು. "ಅದು ಇಲ್ಲೇ ಇರಲಿ ಡಾಕ್."

ಜನ ಹೋದ ಮೇಲೆ ಆಂಬೊ ಅಭ್ಯಾಸಬಲದಿಂದ ಹೊಸ್ತಿಲ ಕಡೆ ನಡೆದವನು, ನೆನಪಾಗಿ ನಿಂತೇ ಮಾತಾಡಿದ. "ಲುಮಿಂಗ್, ಡೋನ್ಯಾ ನನ್ನನ್ನ ದಾಟಿದ್ದು ನಿಜಾನಾ?"

"ಲೋಲಾಗೆ ಅವಳ ಕಾಲೇ ಕಾಣಲ್ಲ, ಎಮ್ಮೆ ಕಾಲು ಕಾಣುತ್ತಾ? ನಿನ್ನೆ ಹೋಗಿ ನಾನೇ ಹೇಳ್ಕೊಟ್ಟು ಬಂದೆ."

"ನಿನಗೆ ಗೊತ್ತಿತ್ತಾ?"

"ಬುಧವಾರವೇ. ಕಿಟಕಿಯಿಂದ ನೋಡಿದ್ರೆ ನನ್ನ ಗಂಡ ಉಣ್ಣೆ ಜಾಕೆಟ್ಟು ಹಾಕ್ಕೊಂಡು ಎಮ್ಮೆ ಪಕ್ಕ ಮುಳುಗಿದ್ದಾನೆ. ಫೋನಲ್ಲಿ ಗೆರೆ ಇಳೀತಿದೆ. ಲೆಕ್ಕ ಹಾಕೋಕೆ ಡಾಕ್ಟರ್ ಆಗ್ಬೇಕಾ?" ಅವಳು ಅವನ ಜಾಕೆಟ್ಟು ಬಿಚ್ಚಿಸುತ್ತಾ ಹೇಳಿದಳು, "ಬೈಯೋಣ ಅಂತ್ಲೇ ಬಾಗಿಲವರೆಗೆ ಬಂದೆ. ನನಗೋಸ್ಕರ ಅಲ್ಲಿ ಕೂತು ನಡುಗ್ತಿದ್ದೆಯಲ್ಲ, ಬಾಯಿ ಬರಲಿಲ್ಲ."

ಆಂಬೊನಿಗೆ ಕಣ್ಣು ತುಂಬಿತು. ಹಾಗಾದರೆ ನೇಮಗಳೂ ಸುಳ್ಳೇ ಎಂದು ಆಸೆಯಿಂದ ಟವೆಲಿಗೆ ಕೈಹಾಕಿದ.

"ಟವೆಲು ಕೆಳಗಿಡು" ಎಂದಳು ಲುಮಿಂಗ್.

ಮೂವತ್ತಾರನೆಯ ದಿನ ಡಾಕ್ ಪುಟ್ಟ ಪರದೆ ತಂದು ಡೋನ್ಯಾಳ ಹೊಟ್ಟೆಯೊಳಗನ್ನು ತೋರಿಸಿದಳು. ಬೂದಿಬಣ್ಣದ ನಡುವೆ ಹೆಸರುಕಾಳಿನಷ್ಟು ಏನೋ ಮಿಡಿಯುತ್ತಿತ್ತು. ಹೊಸ ಪಟ್ಟಿಯ ಗೆರೆಯೂ ಈ ಎರಡು ವಾರ ಒಂದು ಚೂರೂ ಕುಗ್ಗಿರಲಿಲ್ಲ. ತಿಯಾ ಕೊನ್ಚಿಂಗ್ ಹಗ್ಗವನ್ನು ತಾನೇ ಲುಮಿಂಗ್‌ಳ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವಂತೆ ಒಳಗಿರೋದು ನಿನ್ನದು ಎಂದಳು. ಲುಮಿಂಗ್ ಡೋನ್ಯಾಳ ಕುತ್ತಿಗೆ ತಬ್ಬಿಕೊಂಡು ಜೋರಾಗಿ ಅತ್ತಳು. ಆಂಬೊನೂ ಅತ್ತ, ಸಂತೋಷಕ್ಕೆ ಅರ್ಧ. ಉಳಿದರ್ಧ, ಎಮ್ಮೆ ಹೊರುವುದು ಹತ್ತು ತಿಂಗಳಿಗೂ ಹೆಚ್ಚು ಎಂದು ಅಷ್ಟರಲ್ಲಿ ನೆನಪಾದದ್ದಕ್ಕೆ.

ನೇಮ ಸುಳ್ಳೆಂದು ಇಬ್ಬರಿಗೂ ಗೊತ್ತು. ಆದರೆ ಊರಿಗೆ ಗೊತ್ತಿಲ್ಲ, ತಿಯಾಗಂತೂ ಗೊತ್ತಾಗಲೇಬಾರದು. ಹಾಗಾಗಿ ಆಂಬೊ ಹೊಸ್ತಿಲಿನ ಪಕ್ಕ ಮೂರು ಕಾಲಿನ ಸ್ಟೂಲು ಹಾಕಿಕೊಂಡು ಟವೆಲಿಲ್ಲದೆ ಕೂರುತ್ತಾನೆ. ದಾರಿಯಲ್ಲಿ ಹೋಗುವ ಹೆಂಗಸರು ಮಾವಿನಕಾಯಿ ಕೊಟ್ಟು, ಕಾಲು ಊದಿದೆಯಾ ಎಂದು ವಿಚಾರಿಸಿಕೊಳ್ಳುತ್ತಾರೆ.

ನಾಲ್ಕನೆಯ ತಿಂಗಳಲ್ಲಿ ದೋರೊನ ಮನೆಗೆ ಮತ್ತೆ ವಿಡಿಯೋಕೆ ಪೆಟ್ಟಿಗೆ ಬಂತು. ಲುಮಿಂಗ್ ಅಡುಗೆಮನೆಯಲ್ಲಿ ಲೋಲಾ ಬಾಸ್ಯಾಳ ಜೊತೆ ಮಾತಿಗೆ ಕೂತಿದ್ದಾಳೆಂದು ನೋಡಿಕೊಂಡು ಆಂಬೊ ಮೆಲ್ಲನೆ ಜಾರಿದ. ಅರ್ಧ ಲೋಟ ಜಿನ್, ಒಂದೇ ಹಾಡು, ಅದೂ ಮೆಲುದನಿಯಲ್ಲಿ. ಪೆಟ್ಟಿಗೆ ಎಂಬತ್ತೆರಡು ಕೊಟ್ಟಿತು. ಅವಮಾನ ನುಂಗಿಕೊಂಡು, ಕಂಕುಳು ಕೆರೆದುಕೊಳ್ಳುತ್ತಾ ಮನೆಗೆ ಬಂದ. (ಕಂಕುಳಲ್ಲಿ ಏನಿತ್ತು ಎಂದು ಕೇಳಬೇಡಿ. ಬಸುರಿ ಬಯಕೆ ಹೊತ್ತವರ ಮೈಬಿಸಿ ಗಮನಿಸಬೇಕು ಎಂದು ಲುಮಿಂಗ್ ಆ ಹಳೆಯ ಪಟ್ಟಿಯನ್ನು ಕಟ್ಟಿಬಿಟ್ಟಿದ್ದಳು. ಹಣೆ ಮುಟ್ಟಿ ನೋಡುವುದಿಲ್ಲವೆಂದು ಇಪ್ಪತ್ತಾರು ವರ್ಷ ಗೊಣಗಿದವನಿಗೆ ಬೇಡವೆನ್ನಲು ಬಾಯಿರಲಿಲ್ಲ.)

ಒಳಗೆ ಲೋಲಾ ಬಾಸ್ಯಾ ಫೋನನ್ನು ಮೂಗಿಗೆ ತಾಗಿಸಿಕೊಂಡು ಕೇಳುತ್ತಿದ್ದಳು.

"ಇಲ್ಲಿ ಎರಡು ಗೆರೆ ಕಾಣುತ್ತಲ್ಲೇ ಲುಮಿಂಗ್. ಇದರಲ್ಲಿ ಎಮ್ಮೆ ಯಾವುದು, ನಿನ್ನ ಗಂಡ ಯಾವುದು?"

"ನೆಟ್ಟಗಿರೋದು ಎಮ್ಮೆ ಲೋಲಾ" ಎಂದಳು ಲುಮಿಂಗ್. "ಇನ್ನೊಂದು ಈಗ ಬಾಗಿಲ ಹತ್ತಿರ ಬಂದು ನಿಂತಿದೆ."